ಹೆಳವರು ಬಾರದ ಊರಿನಲ್ಲಿ

ಊರು ಬಿಟ್ಟು ಬಂದ ಮನೆತನದ ಕಥೆಯನ್ನು ಯಾರು ಕಾಯಬೇಕು? ಊರಲ್ಲೇ ಇದ್ದವರಿಗೆ ಈ ಪ್ರಶ್ನೆ ಅಷ್ಟಾಗಿ ಕಾಡುತ್ತಿರಲಿಲ್ಲ. ನಮ್ಮ ಉತ್ತರ ಕರ್ನಾಟಕದ ಕಡೆ ಹೆಳವರು ಬರುತ್ತಿದ್ದರು. ಎತ್ತಿನ ಮೇಲೆ ಕುಳಿತು ಗಂಟೆ ಬಾರಿಸುತ್ತ ಬಂದು, ಇಂಥವರ ಮಗ ಇಂಥವ, ಇಂಥ ಊರಿಂದ ಬಂದ ಮನೆತನ ಎಂದು ಪೀಳಿಗೆ ಪೀಳಿಗೆಯನ್ನೂ ಹೇಳಿ, ಕಾಳುಕಡಿ ಪಡೆದು ಮುಂದಿನ ಮನೆಗೆ ಹೋಗುತ್ತಿದ್ದರು. ನಾನಿರುವುದು ಡೊಂಬಿವಲಿಯ ನಾಲ್ಕನೆಯ ಮಹಡಿಯಲ್ಲಿ. ಇಲ್ಲಿಗೆ ಯಾವ ಹೆಳವನೂ ಹತ್ತಿ ಬರುವುದಿಲ್ಲ. ಆ ಕೆಲಸ ನಮ್ಮ ಪಾಲಿಗೇ ಬಿದ್ದಿದೆ.

ಈ ಕೆಲಸಕ್ಕೆ ಈಗಿನವರು ಸ್ಕ್ರ್ಯಾಪ್‌ಬುಕ್ ಎನ್ನುತ್ತಾರೆ. ನಮ್ಮ ಸೊಸೆ ಒಮ್ಮೆ ಅದರ ಸಾಮಾನೆಲ್ಲ ತಂದಳು. ಬಣ್ಣದ ಹಾಳೆ, ಹೂವಿನ ಸ್ಟಿಕರ್, ಅಂಚನ್ನು ಅಲೆಅಲೆಯಾಗಿ ಕತ್ತರಿಸುವ ಕತ್ತರಿ, ಬಂಗಾರದ ಬಣ್ಣದ ಪೆನ್ನು, ಏನುಂಟು ಏನಿಲ್ಲ! ಮೂರನೆಯ ಪುಟಕ್ಕೆ ಕೆಲಸ ನಿಂತಿತು. ತಪ್ಪು ಅವಳದಲ್ಲ. ಬೆಳಿಗ್ಗೆ ಏಳೂವರೆಯ ಲೋಕಲ್ ಹಿಡಿಯುವ ಹೆಣ್ಣುಮಗಳಿಗೆ ಒಂದು ಪುಟ ಸಿಂಗರಿಸಲು ಒಂದು ಇಡೀ ಭಾನುವಾರ ಎಲ್ಲಿಂದ ಬರಬೇಕು? ಅಂಟಿಸುವ ರಗಳೆ ಹಳೆಯದೇ. ಅಮೆರಿಕದ ಲೇಖಕ ಮಾರ್ಕ್ ಟ್ವೈನ್ ಮೊದಲೇ ಅಂಟು ಬಳಿದ ಹಾಳೆಗಳ ಸ್ಕ್ರ್ಯಾಪ್‌ಬುಕ್ ಮಾಡಿ 1873ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಹಾಳೆಗೆ ನೀರು ಸವರಿ ಕಾಗದ ಒತ್ತಿದರೆ ಸಾಕಿತ್ತು. ಅಂಟಿಸುವುದು ಅಷ್ಟು ಹಗುರಾಯಿತು. ಯಾವುದನ್ನು ಅಂಟಿಸಬೇಕು ಎಂಬುದು ಮಾತ್ರ ಇವತ್ತಿಗೂ ಹಗುರಾಗಿಲ್ಲ.

ಎಲ್ಲವನ್ನೂ ಇಟ್ಟುಕೊಳ್ಳುವುದೇ ಪ್ರೀತಿ ಎಂದು ನಾವು ತಿಳಿಯುತ್ತೇವೆ. ಟ್ರಂಕಿನಲ್ಲಿ ಲಗ್ನಪತ್ರಿಕೆಗಳ ಕಟ್ಟು, ಮೊಬೈಲಿನಲ್ಲಿ ಸಾವಿರಗಟ್ಟಲೆ ಫೋಟೊ. ನನಗೆ ಇದರಲ್ಲಿ ಅನುಮಾನವಿದೆ. ಯಾವುದು ಮುಖ್ಯ ಎಂದು ನಿರ್ಧರಿಸುವ ಕಷ್ಟವನ್ನು ನಾವು ಮುಂದಿನವರ ತಲೆಗೆ ಕಟ್ಟುತ್ತಿರುತ್ತೇವೆ. ಅವರಿಗಾದರೋ ಆ ಮುಖಗಳ ಪರಿಚಯವೇ ಇರುವುದಿಲ್ಲ. ಬ್ಯಾಂಕಿನಲ್ಲಿ ಪ್ರತಿ ನಮೂದಿನ ಕೆಳಗೆ ಇದು ಯಾತಕ್ಕೆ, ಯಾರಿಗೆ ಎಂದು ಒಂದು ಸಾಲಿನ ನರೇಷನ್ ಬರೆಯುತ್ತಿದ್ದೆವು. ಯಾತರದು ಎಂದು ಗೊತ್ತಾಗದ ಹಣ ಸಸ್ಪೆನ್ಸ್ ಅಕೌಂಟಿಗೆ ಹೋಗುತ್ತಿತ್ತು. ನಮ್ಮ ಆಲ್ಬಮ್‌ಗಳನ್ನು ತೆಗೆದು ನೋಡಿ, ಅರ್ಧಕ್ಕರ್ಧ ಸಸ್ಪೆನ್ಸ್ ಅಕೌಂಟೇ. ಪೇಟ ಸುತ್ತಿ ನಿಂತ ಹಿರಿಯರು ಯಾರು ಎಂದು ಕೇಳಿದರೆ ಹೇಳುವವರಿಲ್ಲ.

2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಬಿತ್ತು. ಮುಂಬಯಿಯಲ್ಲೂ ನಮ್ಮ ಕಲ್ಯಾಣ-ಡೊಂಬಿವಲಿ ಕಡೆಯೂ ನೆಲಮಹಡಿಯ ಮನೆಗಳಿಗೆ ನೀರು ನುಗ್ಗಿತು. ನೀರಿಳಿದ ಮೇಲೆ ಪರಿಚಯದವರೊಬ್ಬರ ಆಲ್ಬಮ್ಮನ್ನು ಬಿಸಿಲಿಗೆ ಹರಡಿದ್ದರು. ಫೋಟೊಗಳು ಒಂದಕ್ಕೊಂದು ಅಂಟಿ, ಬಿಡಿಸಿದರೆ ಮುಖಗಳೇ ಕಿತ್ತು ಬರುತ್ತಿದ್ದವು. ಆದರೆ ಮನೆಯ ಅಜ್ಜ ಪಕ್ಕದಲ್ಲಿ ಕುಳಿತು, ಇದು ನಮ್ಮ ಅಣ್ಣನ ಮದುವೆ, ಇವತ್ತೇ ಹೋರಿ ಹಗ್ಗ ಹರಕೊಂಡು ಓಡಿತ್ತು ಎಂದು ಹೇಳುತ್ತಿದ್ದರು. ಮಗಳು ಅದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಆ ಮನೆಯಲ್ಲಿ ಉಳಿದದ್ದು ಆ ನೋಟ್‌ಬುಕ್ಕೇ.

ಹಾಗಾದರೆ ಫೋಟೊ ಆರಿಸಿ ಹೆಸರು ಬರೆದರೆ ಮುಗಿಯಿತೇ? ಫೋಟೊದಲ್ಲೇ ಇಲ್ಲದವರನ್ನು ಏನು ಮಾಡುವುದು? ನಮ್ಮ ಅಪ್ಪನ ಅಕ್ಕ, ನನ್ನ ಸೋದರತ್ತೆ, ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ನಮ್ಮನ್ನೆಲ್ಲ ಎತ್ತಿ ಆಡಿಸಿದವಳು ಅವಳೇ. ಮನೆಯ ಯಾವ ಫೋಟೊದಲ್ಲೂ ಅವಳಿಲ್ಲ. ಶುಭಕಾರ್ಯದ ದಿನ ಫೋಟೊದವನು ಅಂಗಳಕ್ಕೆ ಬಂದಾಗ ಅವಳು ಅಡುಗೆಮನೆಯಲ್ಲಿರುತ್ತಿದ್ದಳು, ಇರಬೇಕಾಗುತ್ತಿತ್ತು. ಅವಳ ಗುರುತು ಉಳಿದದ್ದು ನಮ್ಮ ಮನೆಯ ಕೌದಿಯಲ್ಲಿ. ಅವ್ವ ಹಳೆ ಸೀರೆಗಳ ತುಂಡು ಕೂಡಿಸಿ ಹೊಲಿದ ಆ ಕೌದಿಯಲ್ಲಿ ಅಂಚಿಲ್ಲದ ಒಂದು ಕಂದುಬಣ್ಣದ ತುಂಡಿದೆ. ಅದು ಅತ್ತೆಯ ಸೀರೆ.

ಅವಳ ಬಗ್ಗೆ ಒಂದು ಪುಟ ಬರೆಯುತ್ತೇನೆ ಎಂದಾಗ ನನ್ನ ಹೆಂಡತಿ ತಡೆದಳು. "ಹೆಸರಷ್ಟ ಬರೀರಿ. ಆಕಿ ಕಷ್ಟಾ ಎಲ್ಲಾ ಕೂಸಿಗೆ ಯಾಕ ಹೇಳ್ತೀರಿ? ಹಿರಿಯಾರನ್ನ ಕೆಟ್ಟವ್ರು ಮಾಡಿಧಾಂಗ ಆಗ್ತದ." ತಳ್ಳಿಹಾಕುವ ಮಾತಲ್ಲ ಇದು. ನಮ್ಮ ಅಜ್ಜ ಅಜ್ಜಿ ಕ್ರೂರಿಗಳಾಗಿರಲಿಲ್ಲ. ಕಾಲದ ರೂಢಿಯಂತೆ ನಡೆದರು. ಅವರೀಗ ಉತ್ತರ ಕೊಡಲು ಇಲ್ಲ. ಬರೆಯಲೋ ಬೇಡವೋ ಎಂದು ಅತ್ತೆಯನ್ನು ಕೇಳುವಂತೆಯೂ ಇಲ್ಲ. ಆದರೆ ನಾನು ಸುಮ್ಮನಿದ್ದರೆ, ಅಂದು ಅವಳನ್ನು ಅಂಗಳದಿಂದ ದೂರವಿಟ್ಟದ್ದನ್ನು ಇಂದು ನಾನು ಪುಸ್ತಕದಲ್ಲಿ ಮಾಡಿದಂತಾಗುತ್ತದೆ. ಕೊನೆಗೆ ನಾನು ಹಿಡಿದ ದಾರಿ ಇಷ್ಟೇ: ನಡೆದದ್ದನ್ನು ಬರೆಯುವುದು, ತೀರ್ಪು ಬರೆಯದಿರುವುದು. "ಫೋಟೊ ತೆಗೆಯುವಾಗ ಅತ್ತೆ ಒಳಗಿರುತ್ತಿದ್ದಳು. ಹೊರಗಿನ ಹೋಳಿಗೆ ಅವಳು ಮಾಡಿದ್ದು." ಓದಿದವಳು ತಾನೇ ಯೋಚಿಸಲಿ. ಬದುಕಿರುವವರ ವಿಷಯ ಬೇರೆ. ಅವರ ಕಥೆಗೆ ಅವರ ಒಪ್ಪಿಗೆ ಬೇಕು. ತಮ್ಮನ ಅಂಗಡಿ ಮುಚ್ಚಿದ ಸಂಗತಿ ಬರೆಯಲೇ ಎಂದು ಫೋನಿನಲ್ಲಿ ಕೇಳಿದೆ. ಬ್ಯಾಡ ಅಂದ. ಬರೆಯಲಿಲ್ಲ.

ಈಗ ನಮ್ಮ ಮನೆಯ ಪುಸ್ತಕ ಬಹಳ ಸರಳ. ಒಂದು ಲಾಂಗ್ ಬುಕ್, ಒಬ್ಬರಿಗೆ ಒಂದು ಪುಟ. ಒಂದು ಫೋಟೊ, ಇಲ್ಲದಿದ್ದರೆ ಒಂದು ಚೀಟಿ, ಒಂದು ಬಟ್ಟೆಯ ಚೂರು. ಕೆಳಗೆ ಐದು ಸಾಲು: ಹೆಸರು, ಊರು, ಮಾಡಿದ ಕೆಲಸ, ಆಡುತ್ತಿದ್ದ ಒಂದು ಮಾತು, ನಡೆದ ಒಂದು ಸಂಗತಿ. ಫೋಟೊಗೆ ಅಂಟು ಬಳಿಯುವುದಿಲ್ಲ, ಮೂಲೆಗಳಿಗೆ ಕಾಗದದ ಹಿಡಿಕೆ ಮಾಡಿ ಸಿಕ್ಕಿಸುತ್ತೇವೆ. ಅಂಟು ಹಾಳೆಯ ಮೇಲೆ ಪ್ಲಾಸ್ಟಿಕ್ ಹೊದಿಸಿದ ಹಳೆಯ ಆಲ್ಬಮ್‌ಗಳಲ್ಲಿ ಚಿತ್ರ ಹಳದಿಯಾಗುವುದನ್ನು ನೀವೂ ನೋಡಿರಬಹುದು. ಫೋಟೊದ ಹಿಂದೆ ಬರೆಯುವುದಿದ್ದರೆ ಮೆತ್ತನೆಯ ಪೆನ್ಸಿಲಿನಲ್ಲಿ, ಒತ್ತದೆ.

ಭಾಷೆಯ ತೊಡಕೊಂದಿತ್ತು. ಮೊಮ್ಮಗಳು ಮನೆಯಲ್ಲಿ ಕನ್ನಡ ಆಡುತ್ತಾಳೆ, ಓದಲು ಬಾರದು. ಅದಕ್ಕೆ ನಾನು ಬರೆದು ಓದುತ್ತೇನೆ, ಕೆಳಗೆ ಅವಳು ಅದೇ ಕನ್ನಡವನ್ನು ದೇವನಾಗರಿಯಲ್ಲಿ ಬರೆಯುತ್ತಾಳೆ. ಆ ಲಿಪಿಯಲ್ಲಿ ನಮ್ಮ ಎ-ಏ, ಒ-ಓ ಭೇದ ಸರಿಯಾಗಿ ಬರುವುದಿಲ್ಲ. ಹಾಗಾಗಿ ಅವಳ ಸಾಲಿನಲ್ಲಿ ತಪ್ಪುಗಳಿರುತ್ತವೆ. ನಾನು ತಿದ್ದಲು ಹೋಗುವುದಿಲ್ಲ. ಅತ್ತೆಯ ಪುಟ ಬರೆಯುವಾಗ ಮಾತ್ರ ಅವಳು ಪೆನ್ನು ನಿಲ್ಲಿಸಿ ಕೇಳಿದಳು: "ಅಜ್ಜಾ, ಒಳಗ ಯಾಕ ಇರ್ತಿದ್ಲು?" ಅದಕ್ಕೆ ಉತ್ತರವನ್ನು ನಾನು ಪುಸ್ತಕದಲ್ಲಿ ಬರೆದಿರಲಿಲ್ಲ. ಬಾಯಲ್ಲೇ ಹೇಳಿದೆ. ಅರ್ಧ ಗಂಟೆ ಹಿಡಿಯಿತು.