ಮೂರನೆಯವನ ಮುಳ್ಳು

ಬೆಂಗಳೂರಿನ ಆಫೀಸಿಗೆ ಸೇರಿದ ಮೊದಲ ವಾರವೇ ನನಗೆ ಸಿಕ್ಕ ಅಡ್ಡಹೆಸರು ‘ಬಳ್ಳಾರಿ ಜಾಲಿ’. ಟೀಮಿನಲ್ಲಿ ಬಳ್ಳಾರಿ ಕಡೆಯವನು ನಾನೊಬ್ಬನೇ, ಮಾತೂ ಸ್ವಲ್ಪ ಒರಟು. ನಕ್ಕು ಒಪ್ಪಿಕೊಂಡೆ. ಆ ಗಿಡ ನಮ್ಮೂರಿನದೇ ಅಲ್ಲ ಕಣ್ರೀ ಅಂತ ಹೇಳೋದಕ್ಕೆ ಆಗ ನನಗೇ ಗೊತ್ತಿರಲಿಲ್ಲ.

ಈಗ ವರ್ಕ್ ಫ್ರಮ್ ಹೋಮ್ ಪುಣ್ಯದಿಂದ ಬಳ್ಳಾರಿಯಲ್ಲೇ ಇದ್ದೀನಿ. ಬಾಡಿಗೆ ಮನೆಯ ಮಾಳಿಗೆ ಮೇಲೆ ಮೂವತ್ತು ಗ್ರೋ ಬ್ಯಾಗ್‌ಗಳಿವೆ. ದೂರದೇಶದ ಮರಗಳನ್ನು ಬೀಜದಿಂದ ಬೆಳೆಸುವ ಈ ಹುಚ್ಚು ಹತ್ತಿಸಿದ್ದು ಸವಣೂರು. ಅಲ್ಲಿನ ದೊಡ್ಡಹುಣಸೆ ಮಠದ ಮೂರು ಬಾವೊಬಾಬ್ ಮರಗಳನ್ನು ನೀವು ನೋಡಿರಬಹುದು. ಆಫ್ರಿಕಾದ ಮರ, ಆನೆಯಂಥ ಬೊಡ್ಡೆ. ಕೃಷ್ಣ ಪರಮಾತ್ಮ ತಂದು ನೆಟ್ಟಿದ್ದು ಅಂತ ಊರವರ ನಂಬಿಕೆ. 2023ರ ಮಳೆಗಾಲದಲ್ಲಿ ಅದರಲ್ಲೊಂದು ಉರುಳಿದಾಗ, ಅದನ್ನು ಎತ್ತಿ ಮತ್ತೆ ನೆಟ್ಟರು. ಒಂದು ಮರಕ್ಕೆ ಅಷ್ಟು ಪ್ರೀತಿ!

ಗೆಳೆಯನೊಬ್ಬ ಕೊಟ್ಟ ಹತ್ತು ಬಾವೊಬಾಬ್ ಬೀಜಗಳನ್ನು ಪಾಲಿಶ್ ಪೇಪರ್‌ನಲ್ಲಿ ಉಜ್ಜಿ, ಬಿಸಿನೀರಲ್ಲಿ ರಾತ್ರಿಯಿಡೀ ನೆನೆಸಿ ಮಣ್ಣಿಗೆ ಹಾಕಿದೆ. ನಾಲ್ಕು ಮೊಳೆತವು. ಆ ಖುಷಿಗೆ ನಾನೂ ಬೀಜ ಹಂಚೋಕೆ ಶುರು ಮಾಡಿದೆ. ಸಣ್ಣ ಕವರು, ಒಳಗೆ ಬೀಜ, ಮೇಲೆ ಹೆಸರು. ದುಡ್ಡು ತಗೊಳ್ಳುವ ಪ್ರಶ್ನೆಯೇ ಇಲ್ಲ. ದಿನವಿಡೀ ಯಾರದೋ ಬಗ್ ಸರಿಮಾಡುವವನಿಗೆ ಇದೊಂದು ಶುದ್ಧ ಪುಣ್ಯದ ಕೆಲಸ ಅನ್ನಿಸಿತ್ತು.

ನಾಲ್ಕರಲ್ಲಿ ಒಂದು ಸಸಿಯನ್ನು ಕುರುಗೋಡಿನ ಅಕ್ಕನ ಮನೆಗೆ ಒಯ್ದೆ. ಮಾವ ಸಸಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

“ಇದರ ಕಾಯಿ ಆಡು ತಿಂತಾವೇನಪಾ?”

“ಗೊತ್ತಿಲ್ಲ ಮಾವ. ಯಾಕ?”

“ಜಾಲಿಕಾಯಿ ತಿಂದು ಊರ ತುಂಬ ಹಿಕ್ಕಿ ಹಾಕಿದ್ದಕ್ಕ ಈ ಗತಿ ಆಗೇತಿ. ಕೇಳಿ ಹಚ್ಚಿದ್ರ ಚಲೋ ಅಲ್ಲೇನು?”

ಬಿಇ ಓದಿದವನಿಗೆ ಬರಬೇಕಾದ ಪ್ರಶ್ನೆ ಆಡು ಕಾಯುವವರಿಗೆ ಬಂದಿತ್ತು. ಅವತ್ತು ರಾತ್ರಿ ಕೂತು ಜಾಲಿಯ ಕಥೆ ಓದಿದೆ.

ಮದರಾಸು ಪ್ರಾಂತ್ಯದ ಅರಣ್ಯಾಧಿಕಾರಿ ಬೆಡ್ಡೋಮ್, ಒಣಭೂಮಿಯಲ್ಲಿ ಬೆಳೆಸಲು ಪ್ರೊಸೋಪಿಸ್ ಬೀಜ ಬೇಕೆಂದು 1876ರಲ್ಲಿ ಸರ್ಕಾರಕ್ಕೆ ಪತ್ರ ಬರೆದರು. 1877ರಲ್ಲಿ ಜಮೈಕಾದಿಂದ ಬೀಜ ಬಂತು. ಬಿತ್ತಿದ್ದು ಕಡಪ ಜಿಲ್ಲೆಯ ಕಮಲಾಪುರಂನಲ್ಲಿ. ಆಗ ಕಡಪ, ಬಳ್ಳಾರಿ ಎರಡೂ ಮದರಾಸು ಪ್ರಾಂತ್ಯದಲ್ಲೇ ಇದ್ದವು. ಅದೇ 1876-78ರ ಧಾತು ಬರ ನಮ್ಮ ಸೀಮೆಯಲ್ಲಿ ಊರಿಗೆ ಊರನ್ನೇ ನುಂಗುತ್ತಿದ್ದ ಹೊತ್ತು. ಉರುವಲಿಲ್ಲದ, ಹಸಿರಿಲ್ಲದ ನೆಲಕ್ಕೆ ನೀರು ಕೇಳದ ಒಂದು ಗಿಡ. ಆ ಬೇಡಿಕೆಯಲ್ಲಿ ಯಾವ ಕೆಟ್ಟತನ ಹುಡುಕೋಣ?

ಆಮೇಲಿನದನ್ನು ಆಡು, ದನ ಮಾಡಿದವು. ಕಾಯಿ ಸಿಹಿ, ಬೀಜದ ಸಿಪ್ಪೆ ಗಟ್ಟಿ. ನಾನು ಪಾಲಿಶ್ ಪೇಪರ್‌ನಲ್ಲಿ ಮಾಡುವ ಕೆಲಸವನ್ನು ಅವುಗಳ ಹೊಟ್ಟೆ ಮಾಡುತ್ತೆ. ಬೀಜ ಗೊಬ್ಬರದ ಸಮೇತ ಹೊಸ ಜಾಗದಲ್ಲಿ ಬೀಳುತ್ತೆ. ಕಡಿದರೆ ಬುಡದಿಂದ ಹತ್ತು ಚಿಗುರು. ಗುಜರಾತಿನವರು ಅದನ್ನು ‘ಹುಚ್ಚು ಜಾಲಿ’ ಅಂತಾರೆ. ಕೀನ್ಯಾದ ಬರಿಂಗೊದಲ್ಲಿ 1980ರ ದಶಕದಲ್ಲಿ ಇದನ್ನು ಹಚ್ಚಿದರು. ಸಿಹಿ ಕಾಯಿ ತಿಂದು ಮೇಕೆಗಳ ಹಲ್ಲು ಕೊಳೆತು ಬಿದ್ದವು. 2006ರಲ್ಲಿ ಅಲ್ಲಿನ ಜನ ಸರ್ಕಾರದ ಮೇಲೆ ಕೇಸು ಹಾಕಿ, ಹಲ್ಲಿಲ್ಲದ ಮೇಕೆಯೊಂದನ್ನು ಸಾಕ್ಷಿಯಾಗಿ ಕೋರ್ಟಿಗೇ ಕರೆತಂದರು.

ನಮ್ಮ ಮನೆಯ ಸಾಕ್ಷಿ ನಮ್ಮಪ್ಪ. ಸಿರುಗುಪ್ಪ ಕಡೆ ಕಾಲುವೆಯ ಕೊನೆಗೆ ನಮ್ಮದು ಎರಡೆಕರೆ. ನಾನು ಊರು ಬಿಟ್ಟೆ, ಅಪ್ಪನಿಗೆ ವಯಸ್ಸಾಯಿತು, ನಾಲ್ಕು ವರ್ಷ ಹೊಲ ಬೀಳು ಬಿತ್ತು. ಅಷ್ಟರಲ್ಲಿ ಒಳಗೆ ಕಾಲಿಡದಷ್ಟು ಜಾಲಿ. ಜೆಸಿಬಿ ತರಿಸಿ ಕೀಳಿಸಿದೆವು. ಮರುವರ್ಷ ಮತ್ತೆ ಅಷ್ಟೇ. ಚಿಗುರು ಕಡಿಯಲು ಹೋದ ಅಪ್ಪನಿಗೆ ಚಪ್ಪಲಿ ದಾಟಿ ಮುಳ್ಳು ಚುಚ್ಚಿತು. ಸಕ್ಕರೆ ಕಾಯಿಲೆಯ ಕಾಲು, ಗಾಯ ಕೀವಾಯಿತು, ಕೊನೆಗೆ ಒಂದು ಬೆರಳು ತೆಗೆಯಬೇಕಾಯಿತು.

ಹಾಗಂತ ಜಾಲಿಯನ್ನು ಬೈದು ಮುಗಿಸೋಣ ಅಂದರೆ ದೊಡ್ಡವ್ವ ಬಿಡಲ್ಲ. ದೊಡ್ಡಪ್ಪ ತೀರಿಕೊಂಡ ಮೇಲೆ ಜಾಲಿ ಕಟ್ಟಿಗೆ ಹೊತ್ತು ಸಿರುಗುಪ್ಪದ ಹೋಟೆಲುಗಳಿಗೆ ಮಾರಿ ಇಬ್ಬರು ಮಕ್ಕಳನ್ನು ಸಾಕಿದಾಕಿ. “ಬರಗಾಲದಾಗ ಯಾ ದೇವ್ರೂ ಬರ್ಲಿಲ್ಲ, ಜಾಲಿ ಬಂತು” ಅಂತಾಳೆ. ನಾನು ಚಿಕ್ಕವನಿದ್ದಾಗ ತಿಂದ ರೊಟ್ಟಿಯೂ ಅದೇ ಬೆಂಕಿಯದು. ಬೆಡ್ಡೋಮ್ ಕೇಳಿದ್ದು ಉರುವಲು. ಉರುವಲು ಸಿಕ್ಕಿತು. ಅದರ ಜೊತೆ ಕೇಳದ್ದೂ ಬಂತು.

ಹೊರಗಿನದು ಅನ್ನೋದೇ ತಪ್ಪು ಅನ್ನೋಕೂ ಆಗಲ್ಲ. ಮೆಣಸಿನಕಾಯಿ, ಶೇಂಗಾ ಬಂದಿದ್ದು ಅಮೆರಿಕದ ಕಡೆಯಿಂದ. ಹುಣಸೆಯ ಮೂಲ ಆಫ್ರಿಕಾ. ಬಾವೊಬಾಬ್ ಸವಣೂರಿಗೆ ಬಂದು ನೂರಾರು ವರ್ಷ ಆದರೂ ಅಲ್ಲಿರೋದು ಮೂರೇ ಮರ. ಜಾಲಿ ನೂರೈವತ್ತು ವರ್ಷದಲ್ಲಿ ಎಷ್ಟೋ ಜಿಲ್ಲೆ ಹಿಡಿದಿದೆ. ತಂದವರ ಮನಸ್ಸು ಎರಡು ಕಡೆಯೂ ಒಳ್ಳೆಯದೇ ಇದ್ದಿರಬೇಕು. ವ್ಯತ್ಯಾಸ ಇದ್ದದ್ದು ಬೀಜದಲ್ಲಿ, ಅದನ್ನು ಹೊತ್ತು ಹೋಗುವವರಲ್ಲಿ.

ಇಲ್ಲಿಗೆ ಬಂದಾಗ ನನ್ನದೊಂದು ಕವರು ನೆನಪಾಯಿತು. ಬೆಂಗಳೂರಿನ ರಸ್ತೆಬದಿಯಲ್ಲಿ ಕೆಂಪಗೆ ಹೂ ಬಿಡುವ ನೀರುಕಾಯಿ ಮರ ಗೊತ್ತಲ್ಲ, ಮೊಗ್ಗು ಹಿಸುಕಿ ನೀರು ಹಾರಿಸ್ತಾ ಆಡ್ತಿದ್ವಿ. ಅದೂ ಆಫ್ರಿಕಾದ್ದೇ, ಸ್ಪ್ಯಾಥೋಡಿಯಾ. ಅದರ ಬೀಜಗಳನ್ನು ಸಕಲೇಶಪುರದಲ್ಲಿ ತೋಟ ಇರುವ ಸಹೋದ್ಯೋಗಿಗೆ ಕಳಿಸಿದ್ದೆ. ಹುಡುಕಿ ನೋಡಿದರೆ, ಜಗತ್ತಿನ ಅತಿ ಕೆಟ್ಟ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಆ ಮರದ ಹೆಸರಿದೆ. ಬೀಜಕ್ಕೆ ರೆಕ್ಕೆ, ಗಾಳಿಯೇ ಗಾಡಿ, ಮಳೆ ಸುರಿಯುವ ಊರೆಂದರೆ ಅದಕ್ಕೆ ಹಬ್ಬ. ಇದನ್ನು ಓದೋಕೆ ನನಗೆ ಬೇಕಾದದ್ದು ಎರಡು ನಿಮಿಷ.

ಫೋನ್ ಮಾಡಿದೆ. “ಅಯ್ಯೋ, ಅರ್ಧ ಬೀಜ ಊರಲ್ಲಿ ಹಂಚಿಬಿಟ್ನಲ್ಲಾ” ಅಂದರು. ಯಾರ್ಯಾರಿಗೆ ಅಂತ ಅವರಿಗೂ ಪೂರ್ತಿ ನೆನಪಿಲ್ಲ. ಆಫೀಸಿನಲ್ಲಿ ತಪ್ಪು ಕೋಡ್ ಹೋದರೆ ರೋಲ್‌ಬ್ಯಾಕ್ ಇದೆ. ಇಲ್ಲಿ ಇಲ್ಲ. ನಮ್ಮಿಬ್ಬರ ಕೈಲಿ ಆದದ್ದು ಇಷ್ಟೇ: ಅವರು ನೆನಪಿದ್ದವರಿಗೆ ಹೇಳಿದರು, ಉಳಿದಿದ್ದ ಬೀಜ ಸುಟ್ಟರು. ಆ ಉಳಿದ ಬೀಜಗಳು ಎಲ್ಲಿವೆಯೋ.

ಅವತ್ತಿನಿಂದ ಬೆಡ್ಡೋಮ್ ಅವರನ್ನೂ ನನ್ನನ್ನೂ ಪಕ್ಕದಲ್ಲಿಟ್ಟು ನೋಡ್ತಿದ್ದೀನಿ. ಇಬ್ಬರ ಉದ್ದೇಶವೂ ಒಳ್ಳೆಯದು, ಇಬ್ಬರಿಗೂ ಮುಂದಿನದು ಗೊತ್ತಿರಲಿಲ್ಲ. ಆದರೆ 1876ರಲ್ಲಿ ತಿಳಿಯೋದು ಕಷ್ಟ ಇತ್ತು. ನನಗೆ ಜೇಬಿನಿಂದ ಫೋನ್ ತೆಗೆಯುವಷ್ಟೇ ಕಷ್ಟ. ಅವರದು ಅಜ್ಞಾನ, ನನ್ನದು ಸೋಮಾರಿತನ. ‘ಒಳ್ಳೆ ಮನಸ್ಸಿಂದ ಕೊಟ್ಟೆ’ ಅನ್ನುವ ಸಮಾಧಾನ ಅವರಿಗೆ ಒಪ್ಪಬಹುದು, ನನಗೆ ಒಪ್ಪಲ್ಲ.

ಇನ್ನೊಂದು ವಿಷಯ. ಬೀಜ ಕೊಟ್ಟ ನನಗೆ ಖುಷಿ, ತಗೊಂಡವರಿಗೂ ಖುಷಿ. ಮುಳ್ಳು ಚುಚ್ಚೋದು ಕೊಡದ, ತಗೊಳ್ಳದ ಮೂರನೆಯವನಿಗೆ. ನಮ್ಮಪ್ಪ ಯಾರ ಹತ್ತಿರವೂ ಬೀಜ ಕೇಳಿರಲಿಲ್ಲ. ದಾನ ಒಳ್ಳೆಯದೋ ಅಲ್ಲವೋ ಅಂತ ಅಳೆಯುವಾಗ ನಾವು ನೋಡೋದು ಇಬ್ಬರ ಮುಖ ಮಾತ್ರ. ಮೂರನೆಯವನು ಫೋಟೋದಲ್ಲಿ ಇರೋದೇ ಇಲ್ಲ.

ಬೀಜ ಹಂಚುವುದನ್ನು ಬಿಟ್ಟಿಲ್ಲ. ಹೆದರಿ ಕೈಕಟ್ಟಿ ಕೂತಿದ್ದರೆ ನಮಗೆ ಮೆಣಸಿನಕಾಯಿಯೂ ಸಿಗುತ್ತಿರಲಿಲ್ಲ. ಈಗ ಕವರಿನ ಮೇಲೆ ಹೆಸರಿನ ಕೆಳಗೆ ಇನ್ನೂ ಮೂರು ಸಾಲು ಬರೀತೀನಿ: ಇದರ ಬೀಜ ಯಾರು ಹೊರುತ್ತಾರೆ, ಎಷ್ಟು ವರ್ಷಕ್ಕೆ ಕಾಯಿ ಬಿಡುತ್ತೆ, ಕಡಿದರೆ ಚಿಗುರುತ್ತಾ. ಮೂರಕ್ಕೂ ಉತ್ತರ ಸಿಗದಿದ್ದರೆ ಕವರು ನನ್ನ ಡ್ರಾಯರಿನಲ್ಲೇ ಇರುತ್ತೆ. ಎಲ್ಲರಿಗೂ ಇದು ಇಷ್ಟ ಆಗಲ್ಲ. “ಬೀಜ ಕೇಳಿದ್ರೆ ಇಂಟರ್‌ವ್ಯೂ ಮಾಡ್ತೀಯಲ್ಲೋ” ಅಂತ ಒಬ್ಬ ರೇಗಿದ.

ಕುರುಗೋಡಿನ ಬಾವೊಬಾಬ್ ಈಗ ಮೊಣಕಾಲೆತ್ತರ ಇದೆ. ಒಮ್ಮೆ ಆಡು ನುಗ್ಗಿ ಎಲೆಯೆಲ್ಲ ಮೇಯ್ದಿತ್ತಂತೆ, ಮತ್ತೆ ಚಿಗುರಿದೆ. ಕಾಯಿ ಬಿಡೋಕೆ ಇನ್ನೂ ಹತ್ತಾರು ವರ್ಷ ಬೇಕು, ಅಲ್ಲಿಯವರೆಗೆ ಮಾವನ ಪ್ರಶ್ನೆಗೆ ಪೂರ್ತಿ ಉತ್ತರ ಸಿಗಲ್ಲ. ಹೋದ ಸಲ ಹೋದಾಗ ಸಸಿಯ ಸುತ್ತ ಬೇಲಿ ಕಟ್ಟಿದ್ದರು. ಬಗ್ಗಿ ನೋಡಿದೆ. ಜಾಲಿ ಮುಳ್ಳು.