ವೈದ್ಯನಾಗಬೇಕೆಂಬವನ ಬಿಡುವಿನ ಹೊತ್ತು

ನಮ್ಮ ಹಳ್ಳಿಯ ಮನೆಗಳಲ್ಲಿ ಮಗನಾಗಲಿ ಮಗಳಾಗಲಿ ವೈದ್ಯವಿದ್ಯೆಯನ್ನು ಕಲಿಯುವೆನೆಂದು ಹೇಳಿದ ಕೂಡಲೇ ತಂದೆತಾಯಿಗಳು ಮಾಡುವ ಮೊದಲನೆಯ ಕೆಲಸವೇನಂದರೆ, ಪುಸ್ತಕದ ಹೊರತು ಆ ಮಗುವಿನ ಕೈಯಲ್ಲಿ ಏನಿದ್ದರೂ ತೆಗೆದಿಡುವದು. ಕೊಳಲು ಅಟ್ಟಕ್ಕೆ ಏರುತ್ತದೆ. ಅಜ್ಜಿಯ ಬಳಿಯಲ್ಲಿ ಕೂತು ಕೌದಿ ಹೊಲಿಯುವ ಹುಡುಗಿಯನ್ನು ಎಬ್ಬಿಸಿ ಓದಲಿಕ್ಕೆ ಕಳುಹಿಸುತ್ತಾರೆ. ಹಾಸಿಗೆ ಹಿಡಿದ ನೆರೆಯವನಿಗೆ ಗಂಜಿ ಒಯ್ಯುವ ಕೆಲಸವು ತಮ್ಮನ ಪಾಲಿಗೆ ಬೀಳುತ್ತದೆ. ಇದೆಲ್ಲಾ ಪ್ರೀತಿಯಿಂದಲೇ ಆಗುತ್ತದೆಂದು ನಾವು ಬಲ್ಲೆವು. ಯಾಕಂದರೆ 2020ರಿಂದ ನಮ್ಮ ದೇಶದ ಎಂಬಿಬಿಎಸ್ ವಿದ್ಯೆಗೆ ನೀಟ್ ಎಂಬ ಪರೀಕ್ಷೆಯೊಂದೇ ಬಾಗಲಾಗಿದೆ. ಆ ಬಾಗಲಲ್ಲಿ ಅಂಕಗಳನ್ನು ಕೇಳುತ್ತಾರಲ್ಲದೆ ಕೊಳಲನ್ನಾಗಲಿ ಗಂಜಿಯನ್ನಾಗಲಿ ಕೇಳುವದಿಲ್ಲ. ಆದರೆ ಬಾಗಲಲ್ಲಿ ಕೇಳದಿರುವದು ಒಳಗೂ ಬೇಕಾಗಿಲ್ಲವೆಂದು ಎಣಿಸುವದು ಸರಿಯೋ? ಇದನ್ನು ಸ್ವಲ್ಪ ವಿಚಾರಿಸೋಣ.

ಪ್ಯಾರಿಸ್ ಪಟ್ಟಣದ ನೆಕ್ಕರ್ ಆಸ್ಪತ್ರೆಯಲ್ಲಿ ರೆನೆ ಲೇನೆಕ್ ಎಂಬ ವೈದ್ಯನಿದ್ದನು. ಆ ಕಾಲದಲ್ಲಿ ಎದೆಯ ಶಬ್ದವನ್ನು ತಿಳಿಯುವದಕ್ಕೆ ರೋಗಿಯ ಎದೆಗೆ ಕಿವಿಯನ್ನೇ ಇಡಬೇಕಾಗಿತ್ತು. 1816ರಲ್ಲಿ ಹೃದಯರೋಗವುಳ್ಳ ಒಬ್ಬ ಯುವತಿಯು ಬಂದಾಗ ಹಾಗೆ ಮಾಡುವದು ಸಭ್ಯವಲ್ಲವೆಂದು ತಿಳಿದು, ಅವನು ಕಾಗದಗಳನ್ನು ಬಿಗಿಯಾಗಿ ಸುರುಳಿ ಮಾಡಿ, ಒಂದು ಕೊನೆಯನ್ನು ಅವಳ ಎದೆಗೂ ಇನ್ನೊಂದನ್ನು ತನ್ನ ಕಿವಿಗೂ ಇಟ್ಟನು. ಎದೆಯ ಬಡಿತವು ಮೊದಲಿಗಿಂತ ಸ್ಪಷ್ಟವಾಗಿ ಕೇಳಿಸಿತು. ಅಲ್ಲಿಗೇ ಬಿಟ್ಟಿದ್ದರೆ ಅದು ಒಂದು ದಿನದ ಉಪಾಯವಾಗಿ ಉಳಿಯುತ್ತಿತ್ತು. ಆದರೆ ಲೇನೆಕನು ಕೊಳಲನ್ನು ನುಡಿಸುವವನೂ ಯಂತ್ರದಲ್ಲಿ ಮರವನ್ನು ಕಡೆಯಬಲ್ಲವನೂ ಆಗಿದ್ದನು. ಮರದ ಕೊಳವೆಗಳನ್ನು ತನ್ನ ಕೈಯಿಂದಲೇ ಕಡೆದು, ರೋಗರೋಗಕ್ಕೂ ಬೇರೆಯಾದ ಶಬ್ದಗಳನ್ನು ಗುರುತಿಸಿ, 1819ರಲ್ಲಿ ಅವುಗಳನ್ನು ಗ್ರಂಥವಾಗಿ ಪ್ರಕಟಿಸಿದನು. ಇಂದು ವೈದ್ಯರ ಕೊರಳಲ್ಲಿ ತೂಗುವ ಸ್ಟೆತೊಸ್ಕೋಪಿಗೆ ಆ ಮರದ ಕೊಳವೆಯೇ ಮೂಲವು. ಕೊಳಲೇ ಅದನ್ನು ಹುಟ್ಟಿಸಿತೆಂದು ನಾವು ಹೇಳುವದಿಲ್ಲ. ಆದರೆ ಸ್ವರಭೇದಕ್ಕೆ ಪಳಗಿದ ಕಿವಿಯೂ ಮರಗೆಲಸಕ್ಕೆ ಪಳಗಿದ ಕೈಯೂ ಅವನಲ್ಲಿ ಸಿದ್ಧವಾಗಿದ್ದವು.

ಇನ್ನೊಂದು ದೃಷ್ಟಾಂತವನ್ನು ನೋಡಿರಿ. 1894ರಲ್ಲಿ ಫ್ರಾನ್ಸ್ ದೇಶದ ಅಧ್ಯಕ್ಷನಾದ ಸಾದಿ ಕಾರ್ನೊ ಎಂಬವನನ್ನು ಲಿಯೋನ್ ಪಟ್ಟಣದಲ್ಲಿ ಒಬ್ಬನು ಇರಿದನು. ಕತ್ತರಿಸಿಹೋದ ದೊಡ್ಡ ರಕ್ತನಾಳವನ್ನು ಹೊಲಿಯುವ ವಿದ್ಯೆಯು ಆಗ ಯಾರಿಗೂ ತಿಳಿಯದೆ ಇದ್ದದರಿಂದ ಅವನು ಸತ್ತನು. ಅದೇ ಪಟ್ಟಣದಲ್ಲಿ ವೈದ್ಯವಿದ್ಯೆಯನ್ನು ಕಲಿಯುತ್ತಿದ್ದ ಅಲೆಕ್ಸಿಸ್ ಕ್ಯಾರೆಲ್ ಎಂಬ ತರುಣನು ಕಸೂತಿ ಹಾಕುವ ಒಬ್ಬ ಹೆಂಗಸಿನ ಬಳಿಗೆ ಹೋಗಿ, ಸಣ್ಣ ಸೂಜಿಯಿಂದಲೂ ನವುರಾದ ದಾರದಿಂದಲೂ ಹೊಲಿಯುವದನ್ನು ಕಲಿತನು. 1902ರಲ್ಲಿ ರಕ್ತನಾಳಗಳನ್ನು ಜೋಡಿಸುವ ಕ್ರಮವನ್ನು ಪ್ರಕಟಿಸಿದನು; 1912ರಲ್ಲಿ ಅವನಿಗೆ ನೊಬೆಲ್ ಬಹುಮಾನವು ದೊರಕಿತು. ನಮ್ಮ ಹಳ್ಳಿಗಳಲ್ಲಿ ಹೆಂಗಸರ ಹೊತ್ತುಗಳೆಯುವ ಕೆಲಸವೆಂದು ಎಣಿಸಲ್ಪಡುವ ಸೂಜಿಯೇ ಆ ವಿದ್ಯಾರ್ಥಿಗೆ ಗುರುವಾಯಿತು.

ಕೈಗೆಲಸವು ಕೈಯನ್ನು ಮಾತ್ರ ತಿದ್ದುವದಿಲ್ಲ. ಪರೀಕ್ಷೆಯಲ್ಲಿ ತಪ್ಪು ಉತ್ತರವನ್ನು ಕೊಟ್ಟವನು ಒಂದು ಅಂಕವನ್ನು ಕಳಕೊಂಡು ಮುಂದಿನ ಪ್ರಶ್ನೆಗೆ ಹೋಗುತ್ತಾನೆ. ಬುಟ್ಟಿ ಹೆಣೆಯುವವನಿಗಾದರೋ ತಪ್ಪಿದ ಎಳೆಯು ಕಣ್ಣಮುಂದೆಯೇ ನಿಂತಿರುತ್ತದೆ. ಅದನ್ನು ಬಿಚ್ಚಿ ಮತ್ತೆ ಹೆಣೆಯುವ ವರೆಗೆ ಬುಟ್ಟಿಯು ಬುಟ್ಟಿಯಾಗುವದಿಲ್ಲ. ವೈದ್ಯನ ತಪ್ಪು ಎಂಥದು? ಅದೂ ಅಂಕದೊಂದಿಗೆ ಹೋಗುವಂಥದ್ದಲ್ಲ. ಆದದರಿಂದ ತನ್ನ ತಪ್ಪನ್ನು ಕೋಪವಿಲ್ಲದೆ ನೋಡಿ, ಬಿಚ್ಚಿ, ತಿದ್ದುವ ಅಭ್ಯಾಸವು ಎಳೆಯ ಪ್ರಾಯದಲ್ಲೇ ಬರಬೇಕು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?

ಆದರೆ ಇಲ್ಲಿ ನಾವು ಒಂದು ಕಹಿಯಾದ ಸಂಗತಿಯನ್ನು ಮರೆಮಾಡಬಾರದು. ಆ ಕ್ಯಾರೆಲನೇ 1935ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಘೋರ ಅಪರಾಧಗಳನ್ನು ಮಾಡಿದವರನ್ನು ವಿಷವಾಯುವಿನಿಂದ ಸ್ವಲ್ಪ ಖರ್ಚಿನಲ್ಲಿ ಇಲ್ಲದಂತೆ ಮಾಡಬೇಕೆಂದು ಬರೆದನು. ಹರಿದ ನಾಳವನ್ನು ಅಷ್ಟು ಮೃದುವಾಗಿ ಜೋಡಿಸಿದ ಕೈಯೇ ಇಷ್ಟು ಕಠಿಣವಾದ ಮಾತನ್ನು ಬರೆಯಿತಲ್ಲಾ! ಕೈ ಪಳಗಿದ ಮಾತ್ರಕ್ಕೆ ಹೃದಯವು ಪಳಗುವದಿಲ್ಲ. ಹವ್ಯಾಸವು ಕೈಗೂ ಕಿವಿಗೂ ತಾಳ್ಮೆಗೂ ಪಾಠಶಾಲೆಯಾಗಿದೆ. ಮನುಷ್ಯನನ್ನು ಮನುಷ್ಯನೆಂದು ಕಾಣುವದಕ್ಕೆ ಬೇರೊಂದು ಪಾಠಶಾಲೆ ಬೇಕು. ಕೂಲಿಯಿಲ್ಲದೆ ಮಾಡುವ ಸೇವೆಯೇ ಅದು.

ಕೇರಳದ ಕೋಝಿಕೋಡಿನಲ್ಲಿ 1993ರಲ್ಲಿ, ಗುಣವಾಗದ ರೋಗಗಳಿಂದ ನರಳುವವರ ನೋವನ್ನು ತಗ್ಗಿಸುವದಕ್ಕಾಗಿ ಒಂದು ಸಂಘವು ಆರಂಭವಾಯಿತು. ಕಾಲಕ್ರಮದಲ್ಲಿ ಆ ಸೇವೆಯು ಊರೂರಿಗೆ ಹಬ್ಬಿ, ರೈತರೂ ಉಪಾಧ್ಯಾಯರೂ ವಿದ್ಯಾರ್ಥಿಗಳೂ ತರಬೇತು ಹೊಂದಿ, ತಮ್ಮ ನೆರೆಹೊರೆಯ ರೋಗಿಗಳ ಮನೆಗಳಿಗೆ ಹೋಗುವವರಾದರು. ಇಂಥಾ ಮನೆಯಲ್ಲಿ ಕೂತಿರುವ ತರುಣನು ಯಾವ ಪುಸ್ತಕವೂ ಕಲಿಸಲಾರದ ಪಾಠವನ್ನು ಕಲಿಯುತ್ತಾನೆ. ಹೇಗಂದರೆ, ವಾಸಿಮಾಡುವದಕ್ಕೆ ಏನೂ ಉಳಿಯದಿದ್ದರೂ ಮಾಡುವದಕ್ಕೆ ಬಹಳ ಉಳಿದಿರುತ್ತದೆಂದು ಅವನು ಕಾಣುತ್ತಾನೆ. ದುರ್ವಾಸನೆಯನ್ನೂ ಅಳುವನ್ನೂ ತಾನು ಸಹಿಸಬಲ್ಲೆನೋ ಎಂಬದನ್ನು ಸಹ ತಿಳುಕೊಳ್ಳುತ್ತಾನೆ. ಸಹಿಸಲಾರೆನೆಂದು ತಿಳಿದರೆ ಅದರಲ್ಲಿ ನಾಚಿಕೆಯೇನೂ ಇಲ್ಲ. ಹೊಲವನ್ನು ಮಾರಿ ಓದಿಸಿದ ಮೇಲೆ ತಿಳಿಯುವದಕ್ಕಿಂತ ಮೊದಲೇ ತಿಳಿಯುವದು ಲೇಸು.

ಅಮೇರಿಕ ದೇಶದಲ್ಲಿ ಇದನ್ನು ಬಾಗಲಲ್ಲೇ ಕೇಳುತ್ತಾರೆ. ಅಲ್ಲಿಯ ಹೆಚ್ಚಿನ ವೈದ್ಯ ಕಾಲೇಜುಗಳಿಗೆ ಸಲ್ಲುವ ಅರ್ಜಿಯಲ್ಲಿ ಸೇವೆ, ಹವ್ಯಾಸ, ಉದ್ಯೋಗ ಮುಂತಾದ 15 ಅನುಭವಗಳ ವರೆಗೆ ಗಂಟೆಗಳ ಲೆಕ್ಕದೊಂದಿಗೆ ಬರೆದು, ಅವುಗಳಲ್ಲಿ 3ನ್ನು ಅತಿ ಮುಖ್ಯವಾದವುಗಳೆಂದು ಗುರುತಿಸಬಹುದು. ಇದು ಒಳ್ಳೇದೋ ಕೆಟ್ಟದ್ದೋ? ಲೆಕ್ಕಕ್ಕಾಗಿ ಒಯ್ದ ಗಂಜಿಯಾದರೂ ಹಸಿದವನ ಹೊಟ್ಟೆಯನ್ನು ತುಂಬಿಸುತ್ತದೆಂಬದು ನಿಜವೇ. ಲೆಕ್ಕಕ್ಕಾಗಿ ಬಂದವನು ಕೆಲಸದಲ್ಲಿ ಮನಸ್ಸು ನೆಟ್ಟು ನಿಂತುಬಿಡುವದೂ ಉಂಟು. ಆದರೂ ಅಪಾಯವು ಸೇವೆ ಹೊಂದುವವನಿಗಲ್ಲ, ಮಾಡುವವನಿಗೆ. ರೋಗಿಯನ್ನು ಒಂದು ಮೆಟ್ಟಲೆಂದು ನೋಡಲಿಕ್ಕೆ ಕಲಿತವನು ಮುಂದೆ ವೈದ್ಯನಾದ ಮೇಲೆಯೂ ಅವನಲ್ಲಿ ಮೆಟ್ಟಲನ್ನೇ ಕಾಣುವನು. ಅರ್ಜಿ ಹಾಕಿ ಮುಗಿದ ಮರುವಾರ ಆ ತರುಣನು ರೋಗಿಯ ಮನೆಗೆ ಹೋಗುತ್ತಾನೋ ಇಲ್ಲವೋ ಎಂಬದೇ ಅವನ ಸೇವೆಯ ಒರೆಗಲ್ಲು.

ಈ ವಿಷಯದಲ್ಲಿ ನಮ್ಮ ಮಕ್ಕಳಿಗೆ ಒಂದು ಭಾಗ್ಯವುಂಟು. ನಮ್ಮ ಬಾಗಲಲ್ಲಿ ಸೇವೆಗೆ ಅಂಕವಿಲ್ಲದ್ದರಿಂದ, ಅವರು ಮಾಡುವ ಸೇವೆಯು ಅಂಕಕ್ಕಾಗಿ ಆಗಲಾರದು. ಆದರೆ ಒಳಗೆ ಹೋದ ಮೇಲೆ ಅದು ಬೇಕಾಗುತ್ತದೆ. 2019ರ ಎಂಬಿಬಿಎಸ್ ಪಾಠಕ್ರಮವು ರೋಗಿಯೊಂದಿಗೆ ನಡೆದುಕೊಳ್ಳುವ ರೀತಿ, ನೀತಿ, ಮಾತುಕತೆ ಎಂಬಿವುಗಳನ್ನು ಪಾಠವಾಗಿ ಇಟ್ಟಿತು. ಮನೆಯಲ್ಲಿ ಅಭ್ಯಾಸವಾಗಿದ್ದವನಿಗೆ ಆ ಪಾಠವು ಪರಿಚಿತವಾದ ದಾರಿಯಂತಿರುವದು.

ಹೊತ್ತೆಲ್ಲಿದೆ ಎಂದು ಕೆಲವರು ಕೇಳುವರು. ಈ ಮಾತನ್ನು ನಾವು ಹಗುರವಾಗಿ ಎಣಿಸುವದಿಲ್ಲ. ಪರೀಕ್ಷೆಯು ಕಠಿಣವಾದದ್ದು, ದಯೆಯೊಂದೇ ಜ್ವರವನ್ನು ಇಳಿಸಲಾರದು, ಶಾಸ್ತ್ರವನ್ನು ಅರಿಯದ ವೈದ್ಯನು ಅಪಾಯಕಾರಿಯೇ ಸರಿ. ಕಲಿಯದ ಕೆಲಸಕ್ಕೆ, ಅಂದರೆ ಸೂಜಿಮದ್ದಿಗೂ ಔಷಧ ಹೇಳುವದಕ್ಕೂ, ಸೇವೆಯ ಹೆಸರಿನಲ್ಲಿ ಯಾವ ತರುಣನೂ ಕೈಹಾಕಬಾರದು. ನಾವು ಕೇಳುವದು ದಿನಕ್ಕೆ ಅರ್ಧ ಗಂಟೆಯ ಒಂದು ಕೈಗೆಲಸ ಇಲ್ಲವೆ ಗಾಯನ. ವಾರಕ್ಕೆ ಒಂದು ಗಂಟೆ, ಒಬ್ಬ ಮುದುಕನಿಗೆ ನೀರು ಕಾಯಿಸಿ ಕೊಡುವದೂ ಅವನ ಮಾತನ್ನು ಕೊನೆಯ ವರೆಗೆ ಕೇಳುವದೂ ಇಷ್ಟೇ. ಪರೀಕ್ಷೆಯಲ್ಲಿ ತೇರ್ಗಡೆಯಾಗದ ಮಕ್ಕಳು ಬಹಳ ಮಂದಿ ಇರುವರು. ಬಿಡುವಿನ ಹೊತ್ತನ್ನೆಲ್ಲಾ ಕಿತ್ತುಕೊಂಡ ಮನೆಯಲ್ಲಿ ಅಂಥವನ ಕೈಯಲ್ಲಿ ಏನು ಉಳಿಯುವದು? ಹವ್ಯಾಸವೂ ಸೇವೆಯೂ ಉಳ್ಳವನು ವೈದ್ಯನಾಗದಿದ್ದರೂ ಊರಿಗೆ ಬೇಕಾದವನಾಗಿರುವನು.

ಆದಕಾರಣ ತಂದೆತಾಯಿಗಳೇ, ಅಟ್ಟಕ್ಕೆ ಏರಿಸಿದ ಕೊಳಲನ್ನು ಇಳಿಸಿ ಕೊಡಿರಿ. ಗಂಜಿಯ ಪಾತ್ರೆಯನ್ನು ವಾರಕ್ಕೆ ಒಂದು ಸಾರಿಯಾದರೂ ಓದುವ ಮಗುವಿನ ಕೈಗೇ ಕೊಟ್ಟು ಕಳುಹಿಸಿರಿ. ಅದು ಮನೆಗೆ ಹಿಂದಿರುಗಿದಾಗ ಎಷ್ಟು ಹೊತ್ತು ಹೋಯಿತೆಂದು ಕೇಳುವದಕ್ಕೆ ಮೊದಲು, ಆ ರೋಗಿಯು ಈಗ ಹೇಗಿದ್ದಾನೆಂದು ಕೇಳಿರಿ.