ನೋವಿನ ಮೌನವೂ ದಯೆಯೂ

ತೆಂಗಿನ ಮರದಿಂದ ಬಿದ್ದವನು ಕೆಲವು ಸಲ ಕೂಗುವುದೇ ಇಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ಕಾಯಿ ಕೀಳಿಸುವ ಗೃಹಸ್ಥರು ಇದನ್ನು ತಿಳಿದಿರುವುದು ಲೇಸು. ಬಿದ್ದವನು ಬೆವೆತ ಮುಖವನ್ನೆತ್ತಿ, “ಏನೂ ಆಗಿಲ್ಲ, ಯಜಮಾನರೆ” ಎನ್ನುತ್ತಾನೆ. ಆ ಮಾತನ್ನು ಕೇಳಿ ತೋಟದ ಒಡೆಯನ ಎದೆಯ ಭಾರ ಇಳಿಯುತ್ತದೆ. ಇಬ್ಬರು ಕಂಕುಳಿಗೆ ಕೈಕೊಟ್ಟು, ಇಬ್ಬರು ಕಾಲು ಹಿಡಿದು ಅವನನ್ನು ನೆರಳಿಗೆ ಸಾಗಿಸುತ್ತಾರೆ. ಈ ಗಳಿಗೆಯಲ್ಲಿ ಅಡಗಿರುವ ಧರ್ಮಸೂಕ್ಷ್ಮವು ವಿಚಾರಾರ್ಹವಾದುದು. ನೋವಿಲ್ಲವೆಂದು ಬಿದ್ದವನೇ ನುಡಿದ ಮೇಲೆ ನೋಡುವವನ ಹೊಣೆ ತೀರಿತೆ?

ಮೊದಲು ಆ ಮೌನದ ಕಾರಣವನ್ನು ಅರಿಯಬೇಕು. ಗಸಗಸೆ ಗಿಡದ ಹಸಿಗಾಯಿಯನ್ನು ಗೀರಿದಾಗ ಒಸರುವ ಹಾಲೇ ಅಫೀಮು. ಅದರಿಂದ ತೆಗೆದ ಮಾರ್ಫಿನ್ ನೋವನ್ನು ಅಡಗಿಸುವ ಮದ್ದು. ಎಲ್ಲಿಯೋ ಬೆಳೆದ ಗಿಡದ ರಸಕ್ಕೆ ಮನುಷ್ಯನ ನರಗಳಲ್ಲಿ ಪ್ರವೇಶದ್ವಾರವೇಕಿರಬೇಕು? ಈ ಪ್ರಶ್ನೆಗೆ 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್ ನಗರದಲ್ಲಿ ಹ್ಯೂಸ್ ಮತ್ತು ಕಾಸ್ಟರ್‌ಲಿಟ್ಸ್ ಎಂಬ ವಿಜ್ಞಾನಿಗಳು ಉತ್ತರ ಕಂಡರು. ಹಂದಿಯ ಮಿದುಳಿನಿಂದ ಅವರು ಬೇರ್ಪಡಿಸಿದ ಎನ್‌ಕೆಫಾಲಿನ್ ಎಂಬ ದ್ರವ್ಯವು ಮಾರ್ಫಿನ್ನಿನಂತೆಯೇ ವರ್ತಿಸಿತು. ಎಂದರೆ, ದೇಹವು ತನ್ನ ಅಫೀಮನ್ನು ತಾನೇ ಸಿದ್ಧಪಡಿಸಿಕೊಳ್ಳುತ್ತದೆ. ಎಂಡಾರ್ಫಿನ್, ಡೈನಾರ್ಫಿನ್‌ಗಳು ಅದೇ ಬಳಗಕ್ಕೆ ಸೇರಿದವು. ಅಪಾಯದ ಹೊತ್ತಿನಲ್ಲಿ ಇಂಥ ದ್ರವ್ಯಗಳು ನೋವಿನ ಸುದ್ದಿಯನ್ನು ಬೆನ್ನುಹುರಿಯಲ್ಲಿಯೇ ತಡೆಯಬಲ್ಲವು. ಹುರಿಯೇ ಕಡಿದಿದ್ದರಂತೂ ಸುದ್ದಿ ಮೇಲೇರುವ ದಾರಿಯೇ ಇಲ್ಲ. ಎರಡನೆಯ ಮಹಾಯುದ್ಧದಲ್ಲಿ ಬೀಚರ್ ಎಂಬ ಅಮೆರಿಕದ ವೈದ್ಯರು ತೀವ್ರವಾಗಿ ಗಾಯಗೊಂಡ ಸೈನಿಕರನ್ನು ವಿಚಾರಿಸಿ 1946ರಲ್ಲಿ ಬರೆದರು: ಅವರಲ್ಲಿ ಸುಮಾರು ಮುಕ್ಕಾಲು ಪಾಲು ಮಂದಿ ನೋವಿನ ಮದ್ದನ್ನು ಬೇಡಲಿಲ್ಲ. ಗಾಯವೇನೂ ಸಣ್ಣದಾಗಿರಲಿಲ್ಲ.

ಇದನ್ನು ಕೇಳಿದ ಭಕ್ತನು, ಶಿವನ ಕರುಣೆಯು ಕಾಯದಲ್ಲಿಯೇ ನೆಲೆಸಿದೆಯೆಂದು ಕೈಮುಗಿದರೆ ತಪ್ಪಲ್ಲ. ಆದರೆ ಅಲ್ಲಿಗೇ ನಿಲ್ಲುವಂತಿಲ್ಲ. ಬೆನ್ನುಹುರಿಗೆ ಪೆಟ್ಟಾದಾಗ ಒಳಗಿನ ಈ ಅಫೀಮು ಹಿತವನ್ನೇ ಮಾಡುತ್ತದೆಂಬ ಭರವಸೆಯಿಲ್ಲ. ಅಫೀಮಿನ ದ್ವಾರವನ್ನು ಮುಚ್ಚುವ ನಲಾಕ್ಸೋನ್ ಎಂಬ ಔಷಧವನ್ನು ಕೊಟ್ಟಾಗ ಹುರಿಗೆ ಗಾಯವಾದ ಬೆಕ್ಕುಗಳು ಹೆಚ್ಚು ಚೇತರಿಸಿಕೊಂಡುದು 1981ರಲ್ಲಿ ಪ್ರಕಟವಾಯಿತು. ಮುಂದೆ, ಡೈನಾರ್ಫಿನ್ನನ್ನು ಇಲಿಗಳ ಬೆನ್ನುಹುರಿಯ ಸುತ್ತಣ ದ್ರವಕ್ಕೆ ಚುಚ್ಚಿದಾಗ ಹಿಂಗಾಲುಗಳು ಬಿದ್ದುಹೋದುದೂ ಕಂಡುಬಂದಿತು. ನೋವನ್ನು ಅಡಗಿಸುವ ಬಳಗದ್ದೇ ಒಂದು ದ್ರವ್ಯ ನರವನ್ನು ಕೆಡಿಸಲೂ ಬಲ್ಲುದು! ಆದರೆ ಮನುಷ್ಯರಲ್ಲಿ ಲೆಕ್ಕ ಅಷ್ಟು ಸುಲಭವಾಗಲಿಲ್ಲ. ಅಮೆರಿಕದಲ್ಲಿ 487 ಗಾಯಾಳುಗಳನ್ನು ಒಳಗೊಂಡು ನಡೆದು 1990ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ನಲಾಕ್ಸೋನ್‌ನಿಂದ ವಿಶೇಷ ಪ್ರಯೋಜನ ಕಾಣಲಿಲ್ಲ. ಡೈನಾರ್ಫಿನ್ನಿನ ಕೇಡು ಅಫೀಮಿನ ದ್ವಾರವಲ್ಲದೆ ಬೇರೆ ದ್ವಾರಗಳಿಂದಲೂ ನಡೆಯುತ್ತದೆಂಬುದು ಇದಕ್ಕೆ ಒಂದು ಕಾರಣವಿದ್ದೀತು.

ಹೀಗಿರುವಾಗ, ಪ್ರಕೃತಿಯು ನೋವನ್ನು ಮುಚ್ಚುವುದನ್ನೇ ದಯೆಯೆಂದು ಕರೆಯುವುದು ಅವಸರದ ಮಾತು. ಹುಲಿಯ ಬಾಯಿಂದ ತಪ್ಪಿಸಿಕೊಂಡು ಓಡಬೇಕಾದ ಪ್ರಾಣಿಗೆ ಆ ಮರೆವು ಉಪಕಾರಿ; ಬೆನ್ನುಮೂಳೆ ಮುರಿದವನಿಗೆ ಎದ್ದು ಕೂರುವ ಧೈರ್ಯ ಕೊಟ್ಟರೆ ಅದೇ ಅಪಕಾರಿ. ರಾಸಾಯನಿಕಕ್ಕೆ ವಿವೇಕವಿಲ್ಲ. ವಿವೇಕವಿರಬೇಕಾದದ್ದು ಪಕ್ಕದಲ್ಲಿ ನಿಂತವನಿಗೆ. ಬಸವಾದಿ ಪ್ರಮಥರು ದಯೆಗೆ ಕೊಟ್ಟ ಸ್ಥಾನ ವಾಚಕರಿಗೆ ಹೊಸತಲ್ಲ. ಕೂಗಿದವನಿಗೆ ಮಾತ್ರ ಓಗೊಡುವುದೇ ಆ ದಯೆಯಾಗಿದ್ದರೆ ಅದಕ್ಕೆ ಅಷ್ಟು ಹಿರಿಮೆ ಏಕೆ ಬೇಕಿತ್ತು? ಇನ್ನೊಂದು ಸಂಗತಿಯೂ ಉಂಟು. ಕೂಲಿಯವನ “ಏನೂ ಆಗಿಲ್ಲ” ಎಂಬ ಮಾತಿನಲ್ಲಿ ನರಗಳ ಮೌನವಷ್ಟೇ ಅಲ್ಲ, ನಾಳಿನ ಕೂಲಿಯ ಚಿಂತೆಯೂ, ಯಜಮಾನನ ಮುಂದಿನ ಸಂಕೋಚವೂ ಸೇರಿರಬಹುದು. ಆದುದರಿಂದ ಅವನನ್ನು ಬಿದ್ದಲ್ಲಿಯೇ ಅಲುಗಾಡದಂತೆ ಮಲಗಿಸಿ, 108ಕ್ಕೆ ಕರೆಮಾಡಿ, ಸಾಗಿಸುವಾಗ ತಲೆ, ಕೊರಳು, ಬೆನ್ನು ಒಂದೇ ನೇರದಲ್ಲಿರುವಂತೆ ಹಲಗೆಯ ಮೇಲೆ ಒಯ್ಯುವುದು ಕರ್ತವ್ಯ. ಅವನೇ ಬೇಡವೆಂದರೂ ಇದು ಬಿಡತಕ್ಕದ್ದಲ್ಲ.

ಇದಕ್ಕಿಂತ ಕಠಿನವಾದ ಪರೀಕ್ಷೆ ತಿಂಗಳುಗಳ ಮೇಲೆ ಬರುತ್ತದೆ. ಸ್ಪರ್ಶವನ್ನೇ ಅರಿಯದ ಕಾಲುಗಳು ಇರುಳಿನಲ್ಲಿ ಉರಿಯುತ್ತಿವೆಯೆಂದು ಅವನು ನರಳತೊಡಗುತ್ತಾನೆ. ಚುಚ್ಚಿದರೆ ತಿಳಿಯದ ಕಾಲಿಗೆ ನೋವೆಲ್ಲಿಯದು, ಇದೆಲ್ಲ ನಟನೆಯೆಂದು ಮನೆಯವರೇ ಬೇಸರಪಡುವುದುಂಟು. ಆದರೆ ಅದು ಕೆಟ್ಟ ನರವ್ಯೂಹವೇ ಹುಟ್ಟಿಸುವ ನಿಜವಾದ ನೋವು. ಅದಕ್ಕೆ ಒಳಗಿನ ಅಫೀಮು ಸಾಲದು. ಹೊರಗಿನ ಮಾರ್ಫಿನ್ ಕೂಡ ಅನೇಕ ವೇಳೆ ಸಾಲದು. ಮೊದಲು ನೋವಿಲ್ಲವೆಂದಾಗ ಸುಲಭವಾಗಿ ನಂಬಿದವರು, ಈಗ ನೋವಿದೆಯೆಂದಾಗ ನಂಬಲಾರರು. ಎರಡು ಸಲವೂ ಕೇಳುವವನಿಗೆ ಅನುಕೂಲವಾದುದೇ ಸತ್ಯವೆನಿಸಿತು!

ತೆಂಗು ಅಭಿವೃದ್ಧಿ ಮಂಡಳಿಯು ಮರ ಹತ್ತುವವರಿಗಾಗಿ ‘ಕೇರ ಸುರಕ್ಷಾ’ ಎಂಬ ವಿಮಾ ಯೋಜನೆಯನ್ನು ನಡೆಸಿದೆ. ಕಾಯಿ ಇಳಿಸಿಕೊಂಡು ಅಟ್ಟದಲ್ಲಿ ಕೊಬ್ಬರಿಗೆ ಇಡುವ ಮನೆಯವರು, ಮರ ಹತ್ತುವವನ ಹೆಸರು ಅಂಥದೊಂದು ವಿಮೆಯಲ್ಲಿ ಇದೆಯೇ ಎಂದು ಮುಂದಿನ ಕೊಯ್ಲಿಗೆ ಮೊದಲೇ ಕೇಳಬಹುದು, ಇಲ್ಲದಿದ್ದರೆ ಮಾಡಿಸಲೂಬಹುದು.